ಕರಾಟೆಯ ಕಟಾ ಮತ್ತು ಸಾಂಡ್ರಾ ಸಾಂಚೆಜ್

ಕರಾಟೆ ಎಂಬ ಹೆಸರನ್ನು ಇಂದು ನಮ್ಮ ಗ್ರಾಮಾಂತರದ ಬಾಲಕ ಬಾಲಕಿಯರೂ ಬಲ್ಲರು. ಹಂಚು, ಇಟ್ಟಿಗೆಗಳನ್ನು ಬರಿಗೈಯಿಂದ ಒಡೆಯುವ ವಿದ್ಯೆಯೇ ಕರಾಟೆಯೆಂದು ಬಹುಜನರ ತಿಳಿವಳಿಕೆ. ಆದರೆ ಆ ಶಬ್ದದ ನಿಷ್ಪತ್ತಿಯನ್ನು ವಿಚಾರಿಸಿದರೆ ಬೇರೊಂದು ಸಂಗತಿ ಹೊರಪಡುತ್ತದೆ. ಜಪಾನಿನ ದಕ್ಷಿಣದ ಓಕಿನಾವಾ ದ್ವೀಪದಲ್ಲಿ ಬೆಳೆದ ಈ ವಿದ್ಯೆಯ ಹೆಸರನ್ನು ಮೊದಲು ‘ಚೀನಾದ ಕೈ’ ಎಂಬರ್ಥ ಬರುವ ಲಿಪಿಯಲ್ಲಿ ಬರೆಯುತ್ತಿದ್ದರು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಗಿಚಿನ್ ಫುನಾಕೋಶಿ ಮೊದಲಾದ ಆಚಾರ್ಯರು ಉಚ್ಚಾರವನ್ನು ಇದ್ದಂತೆಯೇ ಉಳಿಸಿ, ಲಿಪಿಯನ್ನು ಮಾತ್ರ ಬದಲಿಸಿ, ‘ಬರಿಗೈ’ ಎಂಬ ಅರ್ಥವನ್ನು ರೂಢಿಗೆ ತಂದರು. ಹೀಗೆ ಹೊಸದಾಗಿ ಸೇರಿದ ಆ ಅಕ್ಷರವು ಚೀನೀ ಬೌದ್ಧ ಗ್ರಂಥಗಳಲ್ಲಿ ನಮ್ಮ ‘ಶೂನ್ಯ’ ಶಬ್ದಕ್ಕೆ ಸಂವಾದಿಯಾಗಿ ಬಳಕೆಗೊಂಡದ್ದು. ಇಟ್ಟಿಗೆ ಒಡೆಯುವುದಕ್ಕೂ ಶೂನ್ಯಕ್ಕೂ ಇರುವ ದೂರವನ್ನು ಜಿಜ್ಞಾಸುಗಳೇ ಅಳೆಯಲಿ.

ಕರಾಟೆಯ ಸ್ಪರ್ಧೆಗಳಲ್ಲಿ ಎರಡು ಬಗೆ. ಇಬ್ಬರು ಎದುರುಬದುರು ನಿಂತು ಸೆಣಸುವುದು ಕುಮಿತೆ. ಒಬ್ಬರೇ ಕಣದಲ್ಲಿ ನಿಂತು, ಗುರುಪರಂಪರೆಯಿಂದ ಬಂದ ನಿಯತವಾದ ಚಲನೆಗಳ ಸರಣಿಯನ್ನು ಆಚರಿಸಿ ತೋರಿಸುವುದು ಕಟಾ. ಕಟಾದಲ್ಲಿ ಎದುರಾಳಿಯೇ ಇಲ್ಲವೆಂದಲ್ಲ. ಆತನು ಕಾಣುವುದಿಲ್ಲ, ಅಷ್ಟೆ. ಎಡದಿಂದ ಬಂದ ಪೆಟ್ಟನ್ನು ತಡೆದು, ಹಿಂದಿರುಗಿ ಒದ್ದು, ಕೆಳಕ್ಕೆ ಬಾಗಿ ತಪ್ಪಿಸಿಕೊಂಡು ಮೇಲೇಳುವ ಒಂದೊಂದು ಚಲನೆಗೂ ಕಾರಣವಾದ ಶತ್ರುವನ್ನು ಮನಸ್ಸಿನಲ್ಲಿ ಕಂಡು, ನೋಡುವವರಿಗೂ ಕಾಣಿಸಬೇಕು. ಹೆಜ್ಜೆಯ ಅಳತೆ, ಉಸಿರಿನ ಕ್ರಮ, ದೃಷ್ಟಿಯ ದಿಕ್ಕು, ವೇಗ, ವಿರಾಮ ಎಲ್ಲವೂ ಮೊದಲೇ ಗೊತ್ತಾಗಿರತಕ್ಕವು. ನಮ್ಮ ಗಮಕಿಯು ಷಟ್ಪದಿಯನ್ನು ವಾಚಿಸುವಾಗ ತನ್ನದೊಂದು ಅಕ್ಷರವನ್ನೂ ಸೇರಿಸುವಂತಿಲ್ಲ. ಆದರೂ ಒಳ್ಳೆಯ ವಾಚನವು ಆ ಗಮಕಿಯದೇ ಎಂದು ಕಣ್ಣು ಮುಚ್ಚಿ ಕೇಳಿದರೂ ಗುರುತು ಸಿಕ್ಕುತ್ತದೆ. ಕಟಾದ ಸ್ವಾತಂತ್ರ್ಯವೂ ನಿರ್ಬಂಧವೂ ಸುಮಾರಾಗಿ ಇಂಥವೇ. ಟೋಕಿಯೋ ಒಲಿಂಪಿಕ್ಸ್‌ನ ಹೊತ್ತಿಗೆ ವಿಶ್ವ ಕರಾಟೆ ಒಕ್ಕೂಟವು ಮಾನ್ಯ ಮಾಡಿದ ಪಟ್ಟಿಯಲ್ಲಿ 102 ಕಟಾಗಳಿದ್ದವು.

ಈ ವಿದ್ಯೆಯಲ್ಲಿ ಮಹಿಳೆಯರಿಗೆ ಸ್ಥಾನ ದೊರೆತದ್ದು ತಡವಾಗಿ. ವಿಶ್ವ ಚಾಂಪಿಯನ್‌ಶಿಪ್ 1970ರಲ್ಲಿ ಟೋಕಿಯೋದಲ್ಲಿ ಆರಂಭವಾದರೂ, ಮಹಿಳೆಯರ ಕಟಾ ಅದರೊಳಗೆ ಸೇರಿದ್ದು 1980ರಲ್ಲಿ, ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿ. ಅದರ ಮರುವರ್ಷ, ಎಂದರೆ 1981ರ ಸೆಪ್ಟೆಂಬರ್ 16ರಂದು, ಅದೇ ದೇಶದ ತಾಲವೇರಾ ದೆ ಲಾ ರೇನಾ ಎಂಬ ಊರಿನಲ್ಲಿ ಸಾಂಡ್ರಾ ಸಾಂಚೆಜ್ ಜನಿಸಿದಳು. ತಾಲವೇರಾ ಬಣ್ಣದ ಪಿಂಗಾಣಿ ಪಾತ್ರೆಗಳಿಗೆ ಹೆಸರಾದ ಪಟ್ಟಣ. ಮನೆಯವರು ಅಣ್ಣನನ್ನು ಕರಾಟೆಗೂ ಈಕೆಯನ್ನು ನೃತ್ಯಕ್ಕೂ ಸೇರಿಸಿದರು. ಮಗುವಿನ ಮನಸ್ಸು ಅಣ್ಣನ ತರಗತಿಯ ಕಡೆಗೇ ಎಳೆಯಿತು; ಕೊನೆಗೆ ಹಿರಿಯರೇ ಸೋತು ಕರಾಟೆಗೆ ಒಪ್ಪಿದರು. ಗಂಡುಮಗುವಿಗೆ ಇದು, ಹೆಣ್ಣುಮಗುವಿಗೆ ಅದು ಎಂಬ ವಿಂಗಡಣೆ ನಮ್ಮ ದೇಶದ ಸೊತ್ತು ಮಾತ್ರವಲ್ಲವೆಂಬುದಕ್ಕೆ ಇದೂ ಒಂದು ನಿದರ್ಶನ.

ಯೌವನದಲ್ಲಿ ಈಕೆಯ ದಾರಿ ಸುಗಮವಾಗಿರಲಿಲ್ಲ. ತಾಯಿ ತೀವ್ರ ಅಸ್ವಸ್ಥಳಾದಾಗ ಸಾಂಡ್ರಾ ಉನ್ನತ ಮಟ್ಟದ ಕ್ರೀಡಾ ತರಬೇತಿ ಕೇಂದ್ರವನ್ನು ಬಿಟ್ಟು ಊರಿಗೆ ಮರಳಿದಳು. ಕ್ರೀಡಾಪಟುವಿಗೆ ಇಪ್ಪತ್ತರ ಹರೆಯವೇ ಸುಗ್ಗಿಯ ಕಾಲ. ಆ ಕಾಲವು ರಾಷ್ಟ್ರೀಯ ತಂಡದ ಹೊರಗೆಯೇ ಕಳೆದುಹೋಯಿತು. ಆದರೂ ಅಭ್ಯಾಸವನ್ನು ಬಿಡಲಿಲ್ಲ. ಹೆಸುಸ್ ದೆಲ್ ಮೊರಾಲ್ ಎಂಬ ಶಿಕ್ಷಕನ ಬಳಿ, ಮುಂದೆ ಈಕೆಯ ಪತಿಯೂ ಆದವನು ಆತ, ಶಿತೋ-ರ್ಯೂ ಸಂಪ್ರದಾಯದ ಕಟಾಗಳನ್ನು ತಿದ್ದಿಕೊಳ್ಳುತ್ತ ಬಂದಳು. ತಂಡದ ಬಾಗಿಲು ತೆರೆದಾಗ ವಯಸ್ಸು ಮೂವತ್ತನ್ನು ದಾಟಿತ್ತು. 2015ರಲ್ಲಿ ಇಸ್ತಾಂಬುಲ್‌ನಲ್ಲಿ ಮೊದಲ ಯೂರೋಪಿಯನ್ ಪ್ರಶಸ್ತಿಯನ್ನು ಗೆದ್ದಾಗ ಆಕೆಗೆ 33 ವರ್ಷ. ಅನ್ಯರು ಸ್ಪರ್ಧೆಯಿಂದ ನಿವೃತ್ತರಾಗಿ ಶಿಷ್ಯರಿಗೆ ಪಾಠ ಹೇಳತೊಡಗುವ ಪ್ರಾಯವದು.

ಕಟಾ ಬರಿಯ ಸ್ನಾಯುಬಲದ ಪರೀಕ್ಷೆಯಾಗಿದ್ದರೆ ಈ ವಿಳಂಬಕ್ಕೆ ಪರಿಹಾರವೇ ಇರುತ್ತಿರಲಿಲ್ಲ. ಅದರಲ್ಲಿ ಮಾಗುವಿಕೆಗೂ ಬೆಲೆಯುಂಟು. ಎಷ್ಟೋ ಸಾವಿರ ಸಲ ಆವರ್ತಿಸಿದ ಚಲನೆಯಿಂದ ಅನವಶ್ಯಕವಾದುದು ತಾನಾಗಿ ಉದುರಿಹೋಗಿ, ಬೇಕಾದುದಷ್ಟೇ ಉಳಿಯುತ್ತದೆ. ಸಾಂಡ್ರಾಳ ಕಟಾದಲ್ಲಿ ಮೊದಲು ಸೆಳೆಯುವುದು ಆಕೆಯ ನೋಟ. ಕೈ ಏಳುವ ಮೊದಲೇ ಕಣ್ಣು ಶತ್ರುವನ್ನು ಹಿಡಿದಿರುತ್ತದೆ. 2015ರಿಂದ 2019ರವರೆಗೆ ಪ್ರತಿವರ್ಷವೂ ಯೂರೋಪಿನ ಪ್ರಶಸ್ತಿ ಆಕೆಯದಾಯಿತು. ಮಹಾಮಾರಿಯಿಂದ 2020ರ ಸ್ಪರ್ಧೆ ನಡೆಯಲಿಲ್ಲ. 2021, 2022ರಲ್ಲಿ ಮತ್ತೆ ಆಕೆಯೇ ವಿಜೇತೆ. ಹೀಗೆ ಒಟ್ಟು 7.

ವಿಶ್ವಮಟ್ಟದಲ್ಲಿ ಮಾತ್ರ ಎದುರಿಗೆ ಜಪಾನಿನ ಕಿಯೋ ಶಿಮಿಜು ಇದ್ದಳು. ಒಸಾಕಾದ ಈ ತರುಣಿ ಸಾಂಡ್ರಾಳಿಗಿಂತ ಹನ್ನೆರಡು ವರ್ಷ ಕಿರಿಯಳು. 2014 ಮತ್ತು 2016ರ ವಿಶ್ವ ಪ್ರಶಸ್ತಿಗಳ ಒಡತಿ. 2016ರಲ್ಲಿ ಆಸ್ಟ್ರಿಯಾದ ಲಿಂಜ್‌ನಲ್ಲಿ ಸಾಂಡ್ರಾಳಿಗೆ ದೊರೆತದ್ದು ಕಂಚು. 2018ರ ನವೆಂಬರ್‌ನಲ್ಲಿ, ಮಹಿಳೆಯರ ಕಟಾ ವಿಶ್ವಕಣಕ್ಕೆ ಮೊದಲು ಕಾಲಿಟ್ಟ ಅದೇ ಮ್ಯಾಡ್ರಿಡ್‌ನಲ್ಲಿ, ಸಾಂಡ್ರಾ ಶಿಮಿಜುವನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದಳು.

ಅಷ್ಟರಲ್ಲಿ ಕರಾಟೆಗೆ ಒಲಿಂಪಿಕ್ಸ್‌ನಲ್ಲಿ ಪ್ರವೇಶ ಸಿಕ್ಕಿತ್ತು, ಅದೂ ಟೋಕಿಯೋದ ಮಟ್ಟಿಗೆ. 2024ರ ಪ್ಯಾರಿಸ್ ಕೂಟದ ಯೋಜನೆಯಲ್ಲಿ ಕರಾಟೆಯ ಹೆಸರಿಲ್ಲವೆಂಬುದು 2019ರಲ್ಲಿಯೇ ತಿಳಿದುಬಂತು. ಮೇಲಾಗಿ ಟೋಕಿಯೋ ಕೂಟವೇ ಒಂದು ವರ್ಷ ಮುಂದಕ್ಕೆ ಹೋಯಿತು. ಇಪ್ಪತ್ತರ ತರುಣಿಗೆ ವರ್ಷವೊಂದು ಲೆಕ್ಕದ್ದಲ್ಲ. ಮೂವತ್ತೆಂಟು ತುಂಬಿದವಳಿಗೆ ಅದು ಬಹು ದೊಡ್ಡ ಮೊತ್ತ.

2021ರ ಆಗಸ್ಟ್ 5ರಂದು ನಿಪ್ಪಾನ್ ಬುಡೋಕಾನ್ ಭವನದಲ್ಲಿ ಅಂತಿಮ ಸ್ಪರ್ಧೆ ನಡೆಯಿತು. 1964ರ ಒಲಿಂಪಿಕ್ಸ್‌ನ ಜೂಡೋ ಪಂದ್ಯಗಳಿಗಾಗಿ ಕಟ್ಟಿದ ಭವನವದು. ಸೋಂಕಿನ ಭಯದಿಂದ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಕಣದಲ್ಲಿ ಮತ್ತೆ ಅವರಿಬ್ಬರೇ, ಸಾಂಡ್ರಾ ಮತ್ತು ಶಿಮಿಜು. ತೀರ್ಪಿನ ಕ್ರಮವನ್ನು ಇಲ್ಲಿ ತುಸು ವಿವರಿಸಬೇಕು. ಮೊದಲು ತೀರ್ಪುಗಾರರು ಬಾವುಟವೆತ್ತಿ ಗೆದ್ದವರನ್ನು ಸೂಚಿಸುತ್ತಿದ್ದರು. 2019ರಿಂದ ಅಂಕಗಳ ಪದ್ಧತಿ ಬಂದಿತ್ತು. ಏಳು ಮಂದಿ ತೀರ್ಪುಗಾರರು ಅಂಕವೀಯುತ್ತಿದ್ದರು. ಅತ್ಯಧಿಕವಾದ ಎರಡನ್ನೂ ಅತ್ಯಲ್ಪವಾದ ಎರಡನ್ನೂ ಬಿಟ್ಟು, ನಡುವಿನ ಮೂರನ್ನು ಕೂಡುತ್ತಿದ್ದರು. ನಿಲುವು, ತಂತ್ರ, ಉಸಿರು, ಕಾಲಮಾನ ಮುಂತಾದ ಶಾಸ್ತ್ರಶುದ್ಧಿಗೆ ಶೇಕಡ 70 ಭಾಗ. ಬಲ, ವೇಗ, ಸಮತೋಲಗಳಿಗೆ ಶೇಕಡ 30 ಭಾಗ. ಪೂರ್ಣಾಂಕ 30. ದೇಶಾಭಿಮಾನ ಅಥವಾ ದ್ವೇಷದಿಂದ ಬಂದ ಅಂಕವು ಹೀಗೆ ಎರಡು ತುದಿಯಲ್ಲೂ ಕಳಚಿಬೀಳಲೆಂಬುದು ಉದ್ದೇಶ.

ಸಾಂಡ್ರಾಳಿಗೆ 28.06 ಅಂಕ, ಶಿಮಿಜುವಿಗೆ 27.88. ಅಂತರ 0.18. ಓಟದಲ್ಲಿ ಗಡಿಯಾರವೂ ನೆಗೆತದಲ್ಲಿ ಅಳತೆಪಟ್ಟಿಯೂ ಸಾಕ್ಷಿಯಾಗುತ್ತವೆ. ಇಲ್ಲಿ ಸಹೃದಯರಾದ ಕೆಲವರ ಕಣ್ಣೇ ಸಾಕ್ಷಿ. ಇಷ್ಟು ಸೂಕ್ಷ್ಮವಾದ ಅಂತರವನ್ನು ಕಣ್ಣು ಅಳೆಯಬಲ್ಲದೆ ಎಂಬ ಸಂದೇಹವು ನ್ಯಾಯವಾದದ್ದೇ. ಕಾವ್ಯಸ್ಪರ್ಧೆಗಳಿಗೆ ತೀರ್ಪು ಬರೆದವರಿಗೆ ಈ ಇಕ್ಕಟ್ಟು ಹೊಸದಲ್ಲ. ಬೆಳ್ಳಿಗೆ ತೃಪ್ತಳಾಗಬೇಕಾಗಿ ಬಂದ ಶಿಮಿಜುವಿನ ಕಲೆಯನ್ನು ಆ ದಶಮಾಂಶದ ಕಾರಣದಿಂದ ಕಿರಿದೆಂದು ಎಣಿಸುವುದು ಸಲ್ಲದು.

ಸ್ವರ್ಣ ಗೆದ್ದ ದಿನ ಸಾಂಡ್ರಾಳಿಗೆ 39 ವರ್ಷ. ಅದೇ ವರ್ಷದ ನವೆಂಬರ್‌ನಲ್ಲಿ ದುಬೈಯಲ್ಲಿ ಎರಡನೆಯ ಬಾರಿಗೆ ವಿಶ್ವ ಪ್ರಶಸ್ತಿಯೂ ಬಂದಿತು. 2022ರ ಜುಲೈಯಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ವಿಶ್ವ ಕ್ರೀಡಾಕೂಟದಲ್ಲಿ ಮತ್ತೊಂದು ಸ್ವರ್ಣವನ್ನು ಪಡೆದು ಸ್ಪರ್ಧಾಜೀವನದಿಂದ ನಿವೃತ್ತಳಾದಳು. ಪ್ಯಾರಿಸ್‌ನಲ್ಲಿ ಕರಾಟೆ ನಡೆಯಲಿಲ್ಲ. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ ಸೇರಿದಂತೆ ಐದು ಆಟಗಳನ್ನು 2023ರಲ್ಲಿ ಸೇರಿಸಿಕೊಂಡಾಗಲೂ ಕರಾಟೆಗೆ ಎಡೆ ಸಿಕ್ಕಲಿಲ್ಲ. ಹೀಗಾಗಿ ಒಲಿಂಪಿಕ್ ಮಹಿಳಾ ಕಟಾ ವಿಜೇತೆಯರ ಪಟ್ಟಿಯಲ್ಲಿ ಇರುವುದು ಆ ಒಂದೇ ಹೆಸರು.