ಅಸಲು ಪತ್ರ ಎಲ್ಲಿದೆ?

ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿದಾಗ ಅನೇಕ ರೈತರು ಜೆರಾಕ್ಸ್ ಪ್ರತಿಗಳ ಕಟ್ಟನ್ನು ವಕೀಲರ ಮುಂದಿಟ್ಟು, "ಎಲ್ಲಾ ಇದರಲ್ಲೇ ಬರೆದಿದೆಯಲ್ಲ ಸ್ವಾಮಿ" ಎನ್ನುತ್ತಾರೆ. ಬರೆದಿರಬಹುದು. ಆದರೆ ನ್ಯಾಯಾಲಯ ಮೊದಲು ಕೇಳುವುದು ಅಸಲು ಪತ್ರವನ್ನು.

ಪತ್ರದಲ್ಲಿ ಏನಿದೆ ಎಂಬುದನ್ನು ಆ ಪತ್ರವನ್ನೇ ಹಾಜರುಪಡಿಸಿ ರುಜುವಾತು ಮಾಡಬೇಕೆಂಬುದು 1872ರ ಸಾಕ್ಷ್ಯ ಕಾಯಿದೆಯಿಂದ ಬಂದ ನಿಯಮ. 2024ರ ಜುಲೈ 1ರಿಂದ ಆ ಕಾಯಿದೆಯ ಜಾಗಕ್ಕೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದ್ದರೂ ಈ ನಿಯಮ ಹಾಗೆಯೇ ಇದೆ. ಕಾರಣ ಸರಳ. ನಕಲಿನಲ್ಲಿ 4 ಗುಂಟೆಯನ್ನು 14 ಮಾಡಲು ಒಂದು ಗೀಟು ಸಾಕು.

ಪಹಣಿ, ಮ್ಯುಟೇಶನ್ ಮುಂತಾದ ಸರ್ಕಾರಿ ದಾಖಲೆಗಳ ಬಗ್ಗೆ ಚಿಂತೆ ಬೇಡ. ಅವುಗಳಿಗೆ ಅಧಿಕಾರಿ ಕೊಡುವ ದೃಢೀಕೃತ ನಕಲೇ ಸಾಕು; ಬರಿಯ ಜೆರಾಕ್ಸ್ ಮಾತ್ರ ಸಾಲದು. ನೋಂದಣಿಯಾದ ಕ್ರಯಪತ್ರ ಕಳೆದುಹೋದರೂ ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೃಢೀಕೃತ ನಕಲು ಪಡೆಯಬಹುದು.

ಕಷ್ಟವಿರುವುದು ನಾವು ನಾವೇ ಬರೆದುಕೊಂಡ ಕಾಗದಗಳಲ್ಲಿ. ನೀವೂ ನಿಮ್ಮ ನೆರೆಯವರೂ ಸೇರಿ ಕೊಳವೆ ಬಾವಿ ಕೊರೆಸಿದಿರಿ, ಖರ್ಚು ಹಂಚಿಕೊಳ್ಳುವ ಒಪ್ಪಂದ ಬರೆದಿರಿ ಎನ್ನೋಣ. ಅಸಲು ಅವರ ಪೆಟ್ಟಿಗೆಯಲ್ಲಿದೆ, ಜೆರಾಕ್ಸ್ ನಿಮ್ಮಲ್ಲಿದೆ. ಪಂಪು ಸುಟ್ಟಿತು, ದುರಸ್ತಿಯ ಹಣದ ಬಗ್ಗೆ ಜಗಳವಾಯಿತು, ಅವರು ಒಪ್ಪಂದವೇ ಆಗಿಲ್ಲ ಎಂದರು. ಆಗ ನೀವು ಮೊದಲು ಅಸಲನ್ನು ಹಾಜರುಪಡಿಸುವಂತೆ ವಕೀಲರ ಮೂಲಕ ಅವರಿಗೆ ನೋಟೀಸು ಕೊಡಬೇಕು. ಕೊಟ್ಟರೂ ಅವರು ತರದಿದ್ದರೆ ನಿಮ್ಮ ನಕಲಿಗೆ ದಾರಿಯಾಗುತ್ತದೆ. ಆದರೆ ಅದು ಅಸಲಿನಿಂದಲೇ ತೆಗೆದ ನಕಲೆಂದು ಸಾಕ್ಷಿ ಹೇಳಬೇಕು. ನಕಲೂ ಇಲ್ಲವಾದರೆ ಅಸಲನ್ನು ಕಣ್ಣಾರೆ ನೋಡಿದವರು ಅದರಲ್ಲಿ ಏನಿತ್ತೆಂದು ನುಡಿಯಬಹುದು. ಇನ್ನೊಬ್ಬರಿಂದ ಕೇಳಿ ಬಲ್ಲವರ ಮಾತು ನಡೆಯುವುದಿಲ್ಲ.

ಅಸಲು ನಿಮ್ಮ ಕೈಯಿಂದಲೇ ಕಳೆದಿದ್ದರೆ? ಅದು ಇತ್ತು, ಕಳೆಯಿತು, ನಿಮ್ಮ ಅಲಕ್ಷ್ಯದಿಂದ ಕಳೆಯಲಿಲ್ಲ ಎಂದು ತೋರಿಸಬೇಕಾಗುತ್ತದೆ. ಮಳೆಗೆ ಮನೆ ಬಿದ್ದು, ಇಲ್ಲವೆ ಬೆಂಕಿ ಹತ್ತಿ ಹೋದ ಕಾಗದದ ಬಗ್ಗೆ ಆಗಲೇ ಪೊಲೀಸ್ ಠಾಣೆಗೆ ದೂರು ಕೊಟ್ಟು ರಸೀದಿ ಇಟ್ಟುಕೊಂಡವರಿಗೆ ಇದು ಸುಲಭ. ಹತ್ತು ವರ್ಷ ಸುಮ್ಮನಿದ್ದು ದಾವೆ ಬಂದ ಮೇಲೆ "ಇಲಿ ತಿಂದಿತು" ಎನ್ನುವವರನ್ನು ಯಾರು ನಂಬಿಯಾರು?

ಇನ್ನೊಂದು ತೊಡಕು ಛಾಪಾ ಕಾಗದದ್ದು. ಮುದ್ರಾಂಕ ಶುಲ್ಕ ಕಡಿಮೆಯಾದ ಅಸಲನ್ನು, ಪ್ರಾಮಿಸರಿ ನೋಟಿನಂಥವನ್ನು ಬಿಟ್ಟು, ಬಾಕಿ ಶುಲ್ಕವನ್ನೂ ದಂಡವನ್ನೂ ಕಟ್ಟಿ ಸಾಕ್ಷ್ಯಕ್ಕೆ ತರಬಹುದು. ಅಂಥ ಪತ್ರದ ನಕಲನ್ನು ದಂಡ ಕಟ್ಟಿದರೂ ತರಲಾಗದು. ಸುಪ್ರೀಂ ಕೋರ್ಟು 1971ರಲ್ಲೇ ಹೀಗೆ ತೀರ್ಮಾನಿಸಿದೆ. ಈ ಸಂಗತಿ ಗೊತ್ತಿಲ್ಲದೆ ಗೆಲ್ಲಬೇಕಾದ ದಾವೆಯನ್ನೂ ಸೋಲಬಹುದು.

ಆದ್ದರಿಂದ ಒಪ್ಪಂದ ಬರೆಯುವಾಗಲೇ ಎರಡು ಪ್ರತಿ ಬರೆಸಿ, ಎರಡಕ್ಕೂ ಎಲ್ಲರ ರುಜು ಹಾಕಿಸಿ, ಒಂದನ್ನು ನೀವೇ ಇಟ್ಟುಕೊಳ್ಳಿ. ಕಾನೂನಿನ ದೃಷ್ಟಿಯಲ್ಲಿ ಅವೆರಡೂ ಅಸಲೇ. ಎರಡನೆಯ ಪ್ರತಿಗೆ ಎಷ್ಟು ಶುಲ್ಕವೆಂದು ಪತ್ರ ಬರಹಗಾರರನ್ನು ಕೇಳಿರಿ. ಸಾಲಕ್ಕಾಗಿ ಬ್ಯಾಂಕಿಗೆ ಅಸಲು ಕೊಟ್ಟರೆ ತಪ್ಪದೆ ರಸೀದಿ ಪಡೆಯಿರಿ. ಬೇಕಾದಾಗ ಅದನ್ನು ನ್ಯಾಯಾಲಯದ ಮೂಲಕ ತರಿಸಬಹುದು.

ತಾತನ ಕಾಲದ ಕಾಗದವನ್ನು ಹಳತೆಂದು ಎಸೆಯಬೇಡಿ. 30 ವರ್ಷ ದಾಟಿದ ಪತ್ರ ಇರಬೇಕಾದವರ ಬಳಿಯಿಂದಲೇ ಬಂದರೆ, ರುಜು ಹಾಕಿದವರು ತೀರಿಕೊಂಡಿದ್ದರೂ ಅದು ಅವರದೇ ರುಜುವೆಂದು ನ್ಯಾಯಾಲಯ ಭಾವಿಸಬಹುದು. ಈ ಅನುಕೂಲವೂ ಅಸಲಿಗೆ ಮಾತ್ರ, ನಕಲಿಗಲ್ಲ.