ಕಾಣದಿರುವುದೂ ಇಲ್ಲದಿರುವುದೂ

ಬೀಜಾಡಿಯಲ್ಲಿ ನನ್ನ ಸೋದರಮಾವನವರ ಮನೆಯು ಕಡಲಿನ ಅಬ್ಬರ ಕೇಳುವಷ್ಟು ಸಮೀಪದಲ್ಲಿದ್ದು, ಅದರ ಚಾವಡಿಯ ಮೂಲೆಯಲ್ಲಿ, ಉಪ್ಪುಗಾಳಿಯ ಭಯದಿಂದ ಹಳೆಯ ಪಂಚೆಯೊಂದನ್ನು ಹೊದ್ದುಕೊಂಡು, ಲಿನಕ್ಸ್ ಅಳವಡಿಸಿದ ಕಂಪ್ಯೂಟರೊಂದು ಕುಳಿತಿದೆ. ಅವರು ಬಹುಕಾಲದಿಂದ ಶೇಖರಿಸಿದ ತಾಳಮದ್ದಳೆಯ ಧ್ವನಿಮುದ್ರಣಗಳೆಲ್ಲ ಅದರ ಹೊಟ್ಟೆಯಲ್ಲಿವೆ. ಅವನ್ನು ಆಲಿಸುವ ಸೊಸೆಯ ವಿಂಡೋಸ್ ಲ್ಯಾಪ್‌ಟಾಪು ಒಳಕೋಣೆಯಲ್ಲಿದೆ. ಎರಡಕ್ಕೂ ರೂಟರು ಒಂದೇ. ಕಳೆದ ಮಳೆಗಾಲದಲ್ಲಿ ಹಳೆಯ ಲಿನಕ್ಸನ್ನು ಅಳಿಸಿ ಹೊಸ ಆವೃತ್ತಿಯನ್ನು ಹಾಕಿ, ಫೈಲುಗಳನ್ನು ಮರಳಿ ತುಂಬಿ, ಫೋಲ್ಡರನ್ನು ಹಿಂದಿನಂತೆಯೇ ಹಂಚಿಕೆಗೆ ಇಟ್ಟ ಮರುದಿನವೇ ಮಾವನವರ ಫೋನು ಬಂದಿತು: "ನಿನ್ನೆ ಇದ್ದಿತ್ ಮರಾಯಾ, ಇವತ್ತ್ ಕಾಂತಿಲ್ಲೆ." ಸೊಸೆಯ ಲ್ಯಾಪ್‌ಟಾಪಿನ ನೆಟ್‌ವರ್ಕ್ ಪಟ್ಟಿಯಲ್ಲಿ ಚಾವಡಿಯ ಯಂತ್ರದ ಹೆಸರು ಮಾಯವಾಗಿತ್ತು.

ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ ಎಂಬ ಭೇದವನ್ನು ನಮ್ಮ ತಾರ್ಕಿಕರು ಎಂದೋ ಮಾಡಿಟ್ಟಿದ್ದರೂ, ಕಂಪ್ಯೂಟರಿನ ಮುಂದೆ ಕುಳಿತಾಗ ಅದು ನಮಗೆ ನೆನಪಾಗುವುದಿಲ್ಲ. ಆ ಪಟ್ಟಿಯನ್ನು ತಯಾರಿಸುವ ಏರ್ಪಾಡಿಗೂ ಫೈಲನ್ನು ಹೊತ್ತು ತರುವ ಏರ್ಪಾಡಿಗೂ ಬಹುಮಟ್ಟಿಗೆ ಸಂಬಂಧವೇ ಇಲ್ಲ. ಹಿಂದಿನ ಕ್ರಮದಲ್ಲಿ ಪ್ರತಿಯೊಂದು ಯಂತ್ರವೂ 15 ಅಕ್ಷರ ಮೀರದ ತನ್ನ ಹೆಸರನ್ನು ಸುಮಾರು 12 ನಿಮಿಷಗಳಿಗೊಮ್ಮೆ ಕೂಗಿ ಹೇಳುತ್ತಿತ್ತು. ಯಂತ್ರಗಳು ತಮ್ಮೊಳಗೇ ಚುನಾವಣೆ ನಡೆಸಿ ಆರಿಸಿದ ಒಂದು ಯಂತ್ರವು ಆ ಹೆಸರುಗಳನ್ನು ಬರೆದಿಟ್ಟುಕೊಳ್ಳುತ್ತಿತ್ತು. ಮೂರು ಕೂಗು ತಪ್ಪಿದ ಬಳಿಕವೇ ಹೆಸರನ್ನು ಹೊಡೆದುಹಾಕುತ್ತಿದ್ದುದರಿಂದ, ಸ್ವಿಚ್ಚು ಆರಿಸಿದ ಕಂಪ್ಯೂಟರು ಅರ್ಧ ಗಂಟೆಗೂ ಮಿಕ್ಕಿ ಪಟ್ಟಿಯಲ್ಲಿ ಜೀವಂತವಾಗಿರುತ್ತಿತ್ತು. ಇಂಥ ಪಟ್ಟಿಯನ್ನು ನಂಬಿ ಯಂತ್ರವನ್ನು ಶಪಿಸುವುದು ನ್ಯಾಯವಲ್ಲ.

ಫೈಲು ಸಾಗಿಸುವ ಭಾಷೆಗೆ ಎಸ್‌ಎಂಬಿ ಎಂದು ಹೆಸರು. ಅದು ಐಬಿಎಂ ಸಂಸ್ಥೆಯಲ್ಲಿ 1980ರ ದಶಕದ ಆದಿಭಾಗದಲ್ಲಿ ಹುಟ್ಟಿ, ಮೈಕ್ರೋಸಾಫ್ಟಿನ ಆಶ್ರಯದಲ್ಲಿ ಬೆಳೆಯಿತು. ಅದನ್ನು ಯುನಿಕ್ಸ್ ಕುಲದ ಯಂತ್ರಗಳಿಗೆ ಕಲಿಸಿದವನು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಸಂಶೋಧನೆ ನಡೆಸುತ್ತಿದ್ದ ಆಂಡ್ರ್ಯೂ ಟ್ರಿಜೆಲ್. 1991ರ ಕೊನೆಯಲ್ಲಿ ಆತನು, ಯಾವ ಲಕ್ಷಣಗ್ರಂಥವೂ ಕೈಯಲ್ಲಿಲ್ಲದೆ, ತಂತಿಯ ಮೇಲೆ ಹರಿದಾಡುವ ಸಂದೇಶಗಳನ್ನೇ ಗಮನಿಸುತ್ತ, ಮಂಗಳೂರಿನ ದಕ್ಕೆಗೆ ದುಡಿಯಲು ಹೋದ ನಮ್ಮೂರಿನವನು ವ್ಯಾಕರಣದ ಹಂಗಿಲ್ಲದೆ ತುಳು ಕಲಿತುಬಿಡುವಂತೆ, ಆ ಭಾಷೆಯನ್ನು ಕಲಿತನು. ಅದಕ್ಕಾಗಿ ತಾನು ಬರೆದ ತಂತ್ರಾಂಶದ ಹೆಸರಿಗೆ ಮುಂದೆ ತಕರಾರು ಬಂದಾಗ, ಎಸ್, ಎಂ, ಬಿ ಎಂಬ ಮೂರು ಅಕ್ಷರಗಳು ಅದೇ ಕ್ರಮದಲ್ಲಿರುವ ಪದಗಳನ್ನು ಕಂಪ್ಯೂಟರಿನ ಪದಕೋಶದಲ್ಲಿ ಹುಡುಕಿಸಿ, ಸಿಕ್ಕಿದವುಗಳಲ್ಲಿ ‘ಸಾಂಬಾ’ ಎಂಬುದನ್ನು ಆರಿಸಿಕೊಂಡನು. ನಮ್ಮ ಸಾಂಬಶಿವನಿಗೂ ಇದಕ್ಕೂ ನಂಟಿಲ್ಲ. ಅದು ಬ್ರೆಜಿಲಿನ ಒಂದು ಕುಣಿತ.

ಈ ಭಾಷೆಯ ಮೊದಲನೆಯ ರೂಪವನ್ನು ವಿಂಡೋಸ್ ಅಳವಡಿಸಿಕೊಂಡಿದ್ದ ಬಗೆಯಲ್ಲಿದ್ದ ದೋಷವೊಂದನ್ನು ಹಿಡಿದು 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪೀಡೆಯು ಲೋಕವೆಲ್ಲ ಹಬ್ಬಿತು. 2019ರಲ್ಲಿ ಸಾಂಬಾದ 4.11ನೆಯ ಆವೃತ್ತಿಯು ಆ ರೂಪವನ್ನು ತಾನಾಗಿ ಬಳಸುವುದನ್ನು ನಿಲ್ಲಿಸಿದಾಗ, ಅದನ್ನು ಆಶ್ರಯಿಸಿದ್ದ ಹೆಸರಿನ ಪಟ್ಟಿಯೂ ಅದರೊಡನೆಯೇ ನಿಂತುಹೋಯಿತು. ಮಾವನವರ ಯಂತ್ರಕ್ಕೆ ಆಗಿದ್ದುದು ಇಷ್ಟೇ. ಸೊಸೆಯ ಲ್ಯಾಪ್‌ಟಾಪಿನಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಹಿಂದಕ್ಕೆ ವಾಲಿದ ಎರಡು ಓರೆಗೆರೆಗಳನ್ನೆಳೆದು, ಚಾವಡಿಯ ಯಂತ್ರಕ್ಕೆ ರೂಟರು ಕೊಟ್ಟಿದ್ದ 192.168.1.7 ಎಂಬ ಅಂಕೆಯನ್ನು ಬರೆದೊಡನೆ, ಇಲ್ಲವೆಂದುಕೊಂಡಿದ್ದ ಯಂತ್ರವು ಪಾಸ್‌ವರ್ಡು ಕೇಳಿತು. ಪಟ್ಟಿಯಲ್ಲಿ ಹೆಸರು ಬರಲೇಬೇಕೆಂಬ ಹಟವಿದ್ದವರು ಲಿನಕ್ಸಿನಲ್ಲಿ ‘ಡಬ್ಲ್ಯುಎಸ್‌ಡಿಡಿ’ ಎಂಬ ಪುಟ್ಟ ಸೇವಕನನ್ನು ನೇಮಿಸಿಕೊಳ್ಳಬಹುದು.

ಆದರೆ ಲಿನಕ್ಸಿನ ಪಾಸ್‌ವರ್ಡನ್ನು ಎಷ್ಟು ಸಲ ಒತ್ತಿದರೂ ಬಾಗಿಲು ತೆರೆಯಲಿಲ್ಲ. ಲಿನಕ್ಸೂ ವಿಂಡೋಸೂ ಪಾಸ್‌ವರ್ಡನ್ನು ಬಚ್ಚಿಡುವ ವಿಧಾನಗಳು ಬೇರೆಬೇರೆಯಾದುದರಿಂದ ಸಾಂಬಾ ತನ್ನದೇ ಒಂದು ಪ್ರತ್ಯೇಕ ಲೆಕ್ಕವನ್ನಿಟ್ಟಿರುತ್ತದೆ. ಹೊಸ ಸ್ಥಾಪನೆಯಲ್ಲಿ ಆ ಲೆಕ್ಕ ಬರಿದಾಗಿತ್ತು. ಸೊಸೆಯ ಹೆಸರಿನಲ್ಲಿ ಲಿನಕ್ಸ್ ಖಾತೆಯೊಂದನ್ನು ತೆರೆದು, ‘smbpasswd’ ಎಂಬ ಆಜ್ಞೆಯಿಂದ ಅದನ್ನು ಸಾಂಬಾದ ಲೆಕ್ಕಕ್ಕೂ ಸೇರಿಸಿದೆವು. ಬಾಗಿಲು ತೆರೆಯಿತು; ಫೋಲ್ಡರು ಮಾತ್ರ ತೆರೆಯಲಿಲ್ಲ! ಇಲ್ಲಿ ಎಂಥವರೂ ಎಡವುತ್ತಾರೆ. ಧ್ವನಿಮುದ್ರಣಗಳ ಫೋಲ್ಡರಿಗೆ ಎಲ್ಲರಿಗೂ ಅನುಮತಿಯಿತ್ತಾದರೂ, ಅದು ಇದ್ದುದು ಮಾವನವರ ಸ್ವಂತ ಫೋಲ್ಡರಿನೊಳಗೆ; ಅವರು ಬಳಸುವ ಲಿನಕ್ಸಿನ ಬಗೆಯಾದ ಉಬುಂಟುವಿನಲ್ಲಿ, 21.04ನೆಯ ಆವೃತ್ತಿಯಿಂದೀಚೆಗೆ, ಆ ಹೊರಫೋಲ್ಡರಿನಲ್ಲಿ ಅನ್ಯರು ಹಾದುಹೋಗುವುದಕ್ಕೂ ಅಪ್ಪಣೆಯಿಲ್ಲ. ಲಿನಕ್ಸಿನಲ್ಲಿ ಫೋಲ್ಡರಿನ ಮೇಲಿರುವ ‘ಎಕ್ಸ್’ ಗುರುತಿನ ಅರ್ಥ ಓದುವುದೂ ಅಲ್ಲ, ಬರೆಯುವುದೂ ಅಲ್ಲ, ದಾಟುವುದು. ಒಳಕೋಣೆಯ ಬೀಗದಕೈ ಕೊಟ್ಟು ಜಗಲಿ ಹತ್ತಬೇಡವೆಂದಂತಾಗಿತ್ತು. ಆ ಒಂದು ಅಕ್ಷರವನ್ನು ಹೊರಫೋಲ್ಡರಿಗೆ ಸೇರಿಸಿದೊಡನೆ ಕೃಷ್ಣಸಂಧಾನವೂ ಕರ್ಣಪರ್ವವೂ ಲ್ಯಾಪ್‌ಟಾಪಿನ ತೆರೆಯ ಮೇಲೆ ಸಾಲಾಗಿ ಬಂದವು.

ಎಲ್ಲವೂ ಅಲ್ಲ. ಕೆಲವು ಪ್ರಸಂಗಗಳ ಹೆಸರಿದ್ದಲ್ಲಿ, ತಲೆಬುಡವಿಲ್ಲದ ರೋಮನ್ ಅಕ್ಷರಗಳ ನಡುವೆ ಒಂದು ಅಲೆಗೆರೆ ಬಿದ್ದಿತ್ತು. ಮಾವನವರು ಶಾಲಾ ಮಾಸ್ತರರ ಶಿಸ್ತಿನಿಂದ ಪ್ರಸಂಗದ ಹೆಸರಿನ ಮುಂದೆ ಕೋಲನ್ ಹಾಕಿ ಭಾಗವನ್ನು ಸೂಚಿಸಿದ್ದರು. ಲಿನಕ್ಸಿಗೆ ಹೆಸರಿನೊಳಗೆ ಓರೆಗೆರೆಯೊಂದು ಬಾರದಿದ್ದರೆ ಸಾಕು. ವಿಂಡೋಸಿಗಾದರೋ, ಡಾಸ್ ಕಾಲದಿಂದಲೂ ಕೋಲನ್ ಎಂದರೆ ಡಿಸ್ಕಿನ ಗುರುತು, ಅದು ಹೆಸರಿನಲ್ಲಿ ಬರಕೂಡದು. ಆದುದರಿಂದ ಸಾಂಬಾ ಅಂಥ ಹೆಸರುಗಳಿಗೆ ತಾನೇ ಒಂದು ವೇಷ ತೊಡಿಸಿ ಕಳುಹಿಸುತ್ತದೆ. ಇದನ್ನು ವಿವರಿಸಿದಾಗ ಮಾವನವರು ಕನ್ನಡಕ ತೆಗೆದು ಒರೆಸಿ, "ಅದ್ ಅವ್ರ ತಪ್ಪ್, ನಂದಲ್ಲ" ಎಂದರು. ಮಧ್ಯಾಹ್ನದ ಊಟದ ಮೇಲೆ ನೋಡಿದರೆ, ಒಂದೊಂದೇ ಹೆಸರಿನ ಕೋಲನ್ನನ್ನು ಅಳಿಸಿ ಅಡ್ಡಗೆರೆ ಎಳೆಯುತ್ತ ಕುಳಿತಿದ್ದರು. ನಾನು ಕೋಟೇಶ್ವರದ ಬಸ್ಸಿಗೆ ಹೊರಡುವಾಗ ಭೀಷ್ಮಪರ್ವದವರೆಗೆ ಬಂದಿದ್ದರು.