ತುಂಗಭದ್ರೆಯ ಮಡುಗಳು

ಹಂಪೆಗೆ ಹೋಗಿಬಂದವರು ಕಲ್ಲಿನ ರಥವನ್ನು ವರ್ಣಿಸುತ್ತಾರೆ, ಉಗ್ರನರಸಿಂಹನನ್ನು ವರ್ಣಿಸುತ್ತಾರೆ. ಹೊಳೆಯ ಮಾತು ಬಂದರೆ ‘ಹಾಂ, ಹೊಳೆಯೂ ಇದೆ’ ಎಂದು ಮುಗಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಹಂಪೆಯ ಅತ್ಯಂತ ಪ್ರಾಚೀನವಾದ ಶಿಲ್ಪ ಆ ಹೊಳೆಯ ಪಾತ್ರದಲ್ಲಿಯೇ ಇದೆ. ಅದನ್ನು ಕಡೆದ ಶಿಲ್ಪಿ ನೀರು.

ಜಲಪಾತವೆಂದೊಡನೆ ಜೋಗವನ್ನು ನೆನೆಯುವವರಿಗೆ ಇಲ್ಲಿ ಸ್ವಲ್ಪ ನಿರಾಶೆಯಾದೀತು. ಕಡ್ಡಿರಾಂಪುರದ ಕಡೆಯಿಂದ ಬಾಳೆತೋಟಗಳ ನಡುವೆ ನಡೆದು ಹೋದರೆ ಸಿಗುವ ‘ಜಲಪಾತ’ ಎತ್ತರದಿಂದ ಧುಮುಕುವಂಥದಲ್ಲ. ಹೆಬ್ಬಂಡೆಗಳ ಸಂದುಗೊಂದುಗಳಲ್ಲಿ ನುಸುಳಿ, ಹತ್ತಾರು ಕವಲಾಗಿ, ಭೋರೆಂದು ಜಾರುವ ನೀರು ಅದು. ಆದರೆ ಬಂಡೆಗಳ ಮೈಯನ್ನು ನೋಡಿ: ಮನೆಯ ಒರಳಿನಂತೆ ದುಂಡಗೆ ಕೊರೆದ ಗುಳಿಗಳು. ಕೆಲವು ಅಂಗೈಯಗಲ, ಕೆಲವು ಮನುಷ್ಯ ಇಳಿದು ನಿಲ್ಲುವಷ್ಟು ಆಳ.

ಒರಳಿನ ಹೋಲಿಕೆಯನ್ನು ಅಲಂಕಾರಕ್ಕಾಗಿ ಹೇಳಲಿಲ್ಲ. ಬಂಡೆಯಲ್ಲಿ ಎಲ್ಲಿಯೋ ಒಂದು ಸಣ್ಣ ತಗ್ಗು; ಪ್ರವಾಹದ ಸುಳಿ ಅದರೊಳಗೆ ಒಂದು ಬೆಣಚುಕಲ್ಲನ್ನು ತಂದು ಹಾಕುತ್ತದೆ; ಕಲ್ಲು ಹೊರಬರಲಾರದೆ ಅಲ್ಲಿಯೇ ಗಿರಗಿರನೆ ತಿರುಗುತ್ತದೆ, ಮರಳು ಜೊತೆಗೂಡಿ ಅರೆಯುತ್ತದೆ. ಗುಂಡು ಸವೆದುಹೋದರೆ ಮರುವರ್ಷದ ನೆರೆ ಇನ್ನೊಂದನ್ನು ತರುತ್ತದೆ. ಹೀಗೆ ಅರೆಸಿಕೊಂಡ ಶಿಲೆಯಾದರೂ ಎಂಥದು! ರಾಮನಗರದ ಹಳೆಯ ಹೆಸರಿನಿಂದ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಭೂವಿಜ್ಞಾನಿಗಳು ಕರೆಯುವ, ಸುಮಾರು 250 ಕೋಟಿ ವರ್ಷ ಹಳೆಯ ಶಿಲೆ.

ಈ ಗುಳಿಗಳು ಒಂದರೊಳಗೊಂದು ಒಡೆದು ಕೂಡಿಕೊಂಡಾಗ ಮಡುಗಳಾಗುತ್ತವೆ. ಅಪಾಯ ಹುಟ್ಟುವುದೂ ಇಲ್ಲಿಯೇ. ಎಷ್ಟೋ ಗುಳಿಗಳ ಬಾಯಿ ಕಿರಿದು, ಹೊಟ್ಟೆ ಹಿರಿದು. ಮೇಲೆ ನೀರು ಕನ್ನಡಿಯಂತೆ ನಿಂತಿದ್ದರೂ ಕೆಳಗೆ ಬಂಡೆಯ ಬುಡದಲ್ಲಿ ಕಂಡಿಯಿದ್ದು, ಆ ಕಂಡಿಯ ಮೂಲಕ ಹೊಳೆ ಎಳೆಯುತ್ತಿರುತ್ತದೆ. ಅಲ್ಲಿ ಸಿಕ್ಕವನಿಗೆ ಈಜು ಬಂದರೂ ಒಂದೇ, ಬಾರದಿದ್ದರೂ ಒಂದೇ. ವಿರೂಪಾಕ್ಷನ ಗುಡಿಯಿಂದ ಕೆಳಗೆ, ಹೊಳೆ ಬೆಟ್ಟಗಳ ನಡುವೆ ಇರುಕಿಕೊಂಡು ತಿರುಗುವ ಚಕ್ರತೀರ್ಥದ ಹೆಸರಿನಲ್ಲಿಯೇ ತಿರುಗುವ ಚಕ್ರವಿದೆ. ಪುರಾಣ ಏನೇ ಹೇಳಲಿ, ಆ ಹೆಸರು ನನಗೆ ಸುಳಿಯ ಎಚ್ಚರಿಕೆಯಂತೆಯೂ ಕೇಳಿಸುತ್ತದೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿ ಬುಟ್ಟಿಯಂಥ ದುಂಡು ದೋಣಿಗಳು ಸುತ್ತುತ್ತ ಸುತ್ತುತ್ತ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ನಮ್ಮ ಹರಗೋಲು ಅದೇ. ಸುಳಿಯ ಹೊಳೆಯಲ್ಲಿ ಸುತ್ತುವುದನ್ನು ಕಲಿತ ದೋಣಿ!

ಹರಗೋಲಿನ ಹುಟ್ಟು ಹಿಡಿದವರಿಂದ ನಾನು ಕಲಿತ ಮೊದಲ ಪಾಠ, ನೀರಿಗಿಂತ ಮೊದಲು ಬಂಡೆಯನ್ನು ನೋಡಬೇಕೆಂಬುದು. ಒಣಗಿದ ಬಂಡೆಯ ಮೇಲಿನ ತೇವದ ಗೆರೆ ಸರಿಯುತ್ತಿದೆಯೇ? ಏರುತ್ತಿದ್ದರೆ ಒಡನೆ ದಡಕ್ಕೆ. ಹೊಸಪೇಟೆಯ ಮೇಲುಗಡೆ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ಅಣೆಕಟ್ಟು ಹೊಳೆಯ ಪಂಚಾಂಗವನ್ನೇ ಬದಲಿಸಿತು. ಹಿಂದೆ ಮೋಡವನ್ನು ನೋಡಿ ನೆರೆಯನ್ನು ಊಹಿಸುತ್ತಿದ್ದರು. ಈಗ ಹಂಪೆಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಮಲೆನಾಡಿನ ಮಳೆ ಗೇಟುಗಳ ಮೂಲಕ ಬಂದುಬಿಡಬಹುದು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ನೀರು ಹೆಚ್ಚು ಬಿಟ್ಟಾಗಲೆಲ್ಲ ಪುರಂದರ ಮಂಟಪ ಮುಳುಗುತ್ತದೆ, ಇನ್ನೂ ಕೆಳಗೆ ಕಂಪ್ಲಿಯ ಸೇತುವೆಯ ಮೇಲೆ ಸಂಚಾರ ನಿಲ್ಲುತ್ತದೆ. 2025ರ ಫೆಬ್ರವರಿಯಲ್ಲಿ ನೆರೆಯೇ ಇರಲಿಲ್ಲ. ಸಾಣಾಪುರದ ಬಳಿ ಬಂಡೆಯಿಂದ ಹೊಳೆಗೆ ಹಾರಿದ ಪ್ರವಾಸಿಯೊಬ್ಬರು ಮತ್ತೆ ಮೇಲೆ ಬರಲಿಲ್ಲ. ಸಾಣಾಪುರದ ಕೆರೆಯೂ ಶಾಂತವಾಗಿ ಕಾಣುತ್ತದೆ. ಅದು ಎಡದಂಡೆ ಕಾಲುವೆಯ ನೀರನ್ನು ಹಿಡಿದು ಬಿಡುವ ಜಲಾಶಯ.

ಸಂಡೂರಿನ ಮಾತು ಬೇರೆ. ಅಲ್ಲಿ ನಾರಿಹಳ್ಳ ಬೆಟ್ಟಸಾಲನ್ನೇ ಸೀಳಿ ಓಬಳಗಂಡಿ, ಭೀಮಗಂಡಿಗಳನ್ನು ಮಾಡಿಕೊಂಡಿದೆ. ಮಳೆಗಾಲದಲ್ಲಿ ಬೆಟ್ಟದಿಂದ ಇಳಿವ ತೊರೆಗಳನ್ನು ನೋಡಬೇಕು. ಬೇಸಗೆಯಲ್ಲಿ ಅವು ನೆನಪು ಮಾತ್ರ. ಗಣಿಯ ಕೆಮ್ಮಣ್ಣು ಕದಡಿದ ನೀರನ್ನೂ ಅಲ್ಲಿಯ ಜನ ಕಂಡಿದ್ದಾರೆ. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ತಡೆದು, ಮುಂದೆ ಕಟ್ಟುಪಾಡಿನೊಳಗೆ ಬಿಟ್ಟುಕೊಟ್ಟಿತು.

ಮಡುಗಳು ನಮ್ಮ ಈಜಿಗಾಗಿ ಮಾತ್ರ ಇರುವಂಥವಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಮೊಸಳೆಗಳೂ ಉಂಟು. ಸಿಡಿಮದ್ದಿನಿಂದ ಮೀನು ಹಿಡಿಯುವವರು ಮೀನನ್ನಷ್ಟೇ ಕೊಲ್ಲುವುದಿಲ್ಲ. ಮೀನು ತೀರಿದ ಮಡುವಿನಲ್ಲಿ ನೀರುನಾಯಿಗೆ ಕೆಲಸವಿಲ್ಲ. ಬೆಳಗಿನ ಹೊತ್ತು ಹೋದರೆ ಬಂಡೆಯ ಮೇಲೆ ಅದರ ಹಿಕ್ಕೆ ಕಂಡೀತು. ತುಂಬ ಮೀನಿನ ಹುರುಪೆ, ಮುಳ್ಳು, ವಾಸನೆಯೂ ಮೀನಿನದೇ. ಹಿಕ್ಕೆ ಹಸಿಯಾಗಿದ್ದರೆ ಬಂಡೆಯ ಮರೆಯಲ್ಲಿ ಸದ್ದಿಲ್ಲದೆ ಕುಳಿತು ನೋಡಿ. ಸ್ವಲ್ಪ ಹೊತ್ತಿಗೆ ಎದುರು ಮಡುವಿನಲ್ಲಿ ನಾಲ್ಕೈದು ತಲೆಗಳು ಒಟ್ಟಿಗೆ ಮೇಲೇಳುವುದೂ ಉಂಟು.